ವಯಸ್ಸಿಗೊಂದು ಧಾಟಿ

ಬೀಸುವ ಪದವನ್ನು ಬೀಸುಕಲ್ಲಿನ ಜೊತೆಗೇ ಕೇಳಬೇಕು. ವೇದಿಕೆಯ ಮೇಲೆ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಎಷ್ಟೇ ಇಂಪಾಗಿ ಹಾಡಿದರೂ ಅದರ ಅರ್ಧ ರುಚಿ ಪಡಸಾಲೆಯಲ್ಲೇ ಉಳಿದಿರುತ್ತದೆ. ಬುಕ್ಕಾಂಬುಧಿಯ ನಮ್ಮ ಮನೆಯಲ್ಲಿ ಕೋಳಿ ಕೂಗುವ ಮುಂಚೆಯೇ ಅಜ್ಜಿ, ದೊಡ್ಡವ್ವ ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈಹಾಕಿ ರಾಗಿ ಬೀಸುತ್ತಿದ್ದರು. ಕಂಬಳಿ ಹೊದ್ದು ಮಲಗಿದ್ದ ನನ್ನ ಕಿವಿಗೆ ಮೊದಲು ಬೀಳುತ್ತಿದ್ದದ್ದು ಕಲ್ಲಿನ ಗರಗರ ಸದ್ದು. ಆಮೇಲೆ, ಆ ಸದ್ದಿನೊಳಗಿಂದಲೇ ಏಳುತ್ತಿತ್ತು ಅಜ್ಜಿಯ ತುಸು ಒಡೆದ, ಬೆಚ್ಚನೆಯ ಕಂಠ. ಬದುಕಿನಲ್ಲಿ ಕೇಳಿದ ಮೊದಲ ಹಾಡು ಯಾವುದೆಂದರೆ ಎಲ್ಲರೂ ಜೋಗುಳವನ್ನು ಹೆಸರಿಸುತ್ತಾರೆ. ನನಗೆ ಮಾತ್ರ ಈ ಬೀಸುವ ಪದವೇ ಮೊದಲು.

ಅದರ ಕಟ್ಟು ನೋಡಿ. ತ್ರಿಪದಿ. ಬರೆದರೆ ಮೂರು ಸಾಲು, ಹಾಡಿದರೆ ನಾಲ್ಕು. ಎರಡನೆಯ ಸಾಲಿನ ಒಂದು ತುಂಡನ್ನು ಹಾಡುವಾಕೆ ಮರಳಿ ಎತ್ತಿಕೊಳ್ಳುತ್ತಾಳೆ. ಎತ್ತಿಕೊಳ್ಳುವ ಆ ಜಾಗದಲ್ಲೇ ಇಡೀ ಪದದ ಸೊಗಸೆಲ್ಲ ಇದೆ. ಮುಷ್ಟಿ ರಾಗಿಯನ್ನು ಕಲ್ಲಿನ ಬಾಯಿಗೆ ಸುರಿಯುವಾಗ ಅಜ್ಜಿಯ ಹಾಡು ಅರೆಗಳಿಗೆ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ದೊಡ್ಡವ್ವ ಉಸಿರೆಳೆದುಕೊಂಡು ಮುಂದಿನ ಸಾಲು ಹಿಡಿಯುತ್ತಿದ್ದಳು. ಬಾಯಿ ತುಂಬಿದ ಕಲ್ಲು ಭಾರವಾಗಿ, ನಿಧಾನವಾಗಿ, ತಡೆತಡೆದು ತಿರುಗುವಾಗ ರಾಗವೂ ತಗ್ಗಿ ನಡೆಯುತ್ತಿತ್ತು. ಕಾಳು ಸವೆದು ಕಲ್ಲು ಹಗುರಾದ ಹಾಗೆ ರಾಗಕ್ಕೂ ಚುರುಕು ಬರುತ್ತಿತ್ತು. ಆ ಲಯವನ್ನು ಯಾರೂ ಕೂತು ಜೋಡಿಸಿದ್ದಲ್ಲ, ರಾಗಿಯ ತೂಕ ಜೋಡಿಸಿದ್ದು. ಮೊದಲ ಪದ ಕಲ್ಲಿಗೆ ಕೈಮುಗಿಯಲು. ನಡುವಿನವೆಲ್ಲ ತವರಿಗೆ, ಹಡೆದವ್ವನಿಗೆ, ಒಡಹುಟ್ಟಿದವರಿಗೆ. ಕೊನೆಯದು ಮತ್ತೆ ಕಲ್ಲಿಗೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ್ದು ಇಂಥ ತ್ರಿಪದಿಗಳನ್ನೇ. ಮುಂದೆ ಕಾಲೇಜಿನಲ್ಲಿ ಆ ಪುಸ್ತಕ ಬಿಚ್ಚಿದಾಗ, ವಿಜಯಪುರದ ಸೀಮೆಯ ಆ ಹೆಂಗಸರ ಮಾತಿನ ಹಿಂದೆ ನಮ್ಮ ಮನೆಯ ಕಲ್ಲೇ ತಿರುಗುತ್ತಿತ್ತು.

ನಮ್ಮ ಸೀಮೆ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಮಳೆ ಬಂದರೆ ಬಂತು, ಬಾರದಿದ್ದರೆ ಮುಗಿಲು ನೋಡುತ್ತ ಕೂರುವ ನೆಲ. ಹಾಗಾಗಿ ಕೆರೆಯ ಹಾಡಿಗೆ ಇಲ್ಲಿ ಬೇರೆಯೇ ಮರ್ಯಾದೆ. ಮದಗದ ಕೆರೆಗೆ ಮಳೆ ಬಂದ ಹಾಡನ್ನು ಅರಿಯದ ಕನ್ನಡಿಗರಿಲ್ಲ. ಹಾವೇರಿ ಜಿಲ್ಲೆಯ ಮದಗ–ಮಾಸೂರಿನವರು ಅದು ತಮ್ಮ ಕೆರೆಯದೆನ್ನುತ್ತಾರೆ, ಕಡೂರು ತಾಲ್ಲೂಕಿನವರು ತಮ್ಮ ಮದಗದಕೆರೆಯದೆನ್ನುತ್ತಾರೆ. ನಾನು ಕಡೂರಿನ ಪಕ್ಷ. ಅದಕ್ಕೆ ಆಧಾರ ಕೇಳಬೇಡಿ, ಹುಟ್ಟಿದ ನೆಲದ ಪಕ್ಷಪಾತ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಆ ಹಾಡೆಂದರೆ ನಮಗೆ ಮಳೆಯೊಂದೇ. ಸಣ್ಣ ಮೋಡವೊಂದು ಕಾಣಿಸಿಕೊಂಡು, ಗಾಳಿ ಎದ್ದು, ನೋಡನೋಡುತ್ತಿದ್ದಂತೆ ಕೆರೆಯ ಒಡಲು ತುಂಬಿಬಿಡುವ ಆ ರಭಸ. ಅಜ್ಜಂಪುರದ ಕಡೆಯಿಂದ ಮಳೆ ಬರುವುದು ಕಂಡರೆ ಸಾಕು, ನಾವು ಹುಡುಗರೆಲ್ಲ ಕೆರೆ ಏರಿಯ ಮೇಲೆ ಓಡುತ್ತ ಅದನ್ನೇ ಕಿರುಚುತ್ತಿದ್ದೆವು. ಮೊದಲ ಸಾಲಿನ ಕೊನೆಯಲ್ಲಿ ಸ್ವರ ಇದ್ದಕ್ಕಿದ್ದಂತೆ ಮೇಲಕ್ಕೆ ಚಿಮ್ಮುತ್ತದಲ್ಲ, ಅಲ್ಲಿ ಗಂಟಲು ಒಡೆಯುವ ಹಾಗೆ ಕೂಗಿದವನೇ ಆ ಹೊತ್ತಿನ ಗೆಲುವಿನ ಗಾಯಕ.

ಅದೇ ವಯಸ್ಸಿನ ಇನ್ನೊಂದು ಹಾಡು ಗೋವಿನದು. ಪುಣ್ಯಕೋಟಿಯ ಕಥೆ ಕೇಳಿ ಅಳದ ಮಗುವಿಲ್ಲ ಎನ್ನುವುದು ಹಳೆಯ ಮಾತು. ನನಗೆ ಅದರಲ್ಲಿ ಅಳುವಿಗಿಂತ ಹೆಚ್ಚು ಹಿಡಿಸಿದ್ದು ಗೊಲ್ಲನು ತನ್ನ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವ ಭಾಗ. ನದಿಯ ಹೆಸರು, ದೇವಿಯ ಹೆಸರು, ಒಂದರ ಬೆನ್ನಿಗೊಂದು, ತುಸು ಲಾಲಿಸಿ, ತುಸು ಗದರಿಸಿ. ನಮ್ಮ ಮೇಷ್ಟ್ರು ಆ ಭಾಗವನ್ನು ಬೇಕೆಂದೇ ನಿಧಾನವಾಗಿ ಹಾಡಿಸುತ್ತಿದ್ದರು. ನಮಗೆ ಆ ಹಸುಗಳು ಪುಸ್ತಕದ ಹಸುಗಳಾಗಿರಲಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿ ಎನಿಸಿಕೊಂಡು, ಟಿಪ್ಪು ಸುಲ್ತಾನನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆದ ಅದೇ ರಾಸುಗಳ ಸಂತತಿ. ಬೂದುಬಣ್ಣದ ಬಿಗಿ ಮೈ, ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾಗುವ ಉದ್ದನೆಯ ಕೊಂಬು, ಹತ್ತಿರ ಹೋದವರನ್ನು ನೆಟ್ಟಗೆ ನೋಡುವ ಗತ್ತಿನ ಕಣ್ಣು. ಕಾವಲಿನಲ್ಲಿ ಅವು ಸಾಲುಗಟ್ಟಿ ಬರುವುದನ್ನು ನೋಡುತ್ತ ನಾವು ಹಾಡಿನ ಹೆಸರುಗಳನ್ನೆಲ್ಲ ಅವಕ್ಕೆ ಹಂಚಿಬಿಟ್ಟಿದ್ದೆವು. ಇವತ್ತಿಗೂ ಆ ಹಾಡು ಎಲ್ಲಿ ಕೇಳಿದರೂ ನನ್ನ ಪುಣ್ಯಕೋಟಿಯ ಬಣ್ಣ ಬೂದು.

ಬೆಟ್ಟದ ಜಾತ್ರೆಯದು ಇನ್ನೊಂದು ಬಗೆಯ ನಾದ. ಉಜ್ಜಯಿನಿ ಪೀಠದ ಸಿದ್ಧಲಿಂಗ ಜಗದ್ಗುರುಗಳು ತಪಸ್ಸು ಮಾಡಿದ ಜಾಗವೆಂದು ಭಕ್ತರು ನಡೆದುಕೊಳ್ಳುವ ಬೆಟ್ಟ ನಮ್ಮದು. ಅಲ್ಲಿ ವೀರಗಾಸೆಯವರು ಬಂದರೆ ಸಂಬಾಳದ ಪೆಟ್ಟು ಮೊದಲು ಕಾಲಿಗೆ ತಾಗುತ್ತಿತ್ತು, ಆಮೇಲೆ ಕಿವಿಗೆ. ಕುಣಿತ ನೋಡುವವರು ನೋಡಲಿ. ನಾನು ಕಾಯುತ್ತಿದ್ದದ್ದು ಒಡಪಿಗೆ. ಕುಣಿತ ಗಕ್ಕನೆ ನಿಂತು, ವಾದ್ಯಗಳೆಲ್ಲ ಮೌನವಾಗಿ, ಒಬ್ಬ ಮಾತ್ರ ಮುಂದೆ ಬಂದು ದಕ್ಷಯಜ್ಞದ ಕಥೆಯನ್ನು ಏರುದನಿಯಲ್ಲಿ ಹೇಳಲು ಶುರುಮಾಡುತ್ತಾನೆ. ಅದು ಹಾಡೂ ಅಲ್ಲ, ಮಾತೂ ಅಲ್ಲ. ಉಸಿರು ಮುಗಿಯುವವರೆಗೂ ಒಂದೇ ಎಳೆ, ಪದದ ಮೇಲೆ ಪದ, ಪ್ರಾಸದ ಮೇಲೆ ಪ್ರಾಸ. ಇನ್ನು ಸಾಧ್ಯವಿಲ್ಲ, ಇಲ್ಲಿಗೆ ನಿಲ್ಲಿಸಲೇಬೇಕು ಎಂದು ಕೇಳುವವನ ಎದೆಯೇ ಬಿಗಿಯುವ ಹೊತ್ತಿಗೆ ಆತ ಕೊನೆಯ ಅಕ್ಷರವನ್ನು ನೆಲಕ್ಕೆ ಅಪ್ಪಳಿಸುತ್ತಾನೆ. ಸಂಬಾಳ, ಚಮ್ಮಾಳ, ತಾಳ ಎಲ್ಲವೂ ಒಟ್ಟಿಗೇ ಸಿಡಿಯುತ್ತವೆ. ಆ ಒಂದು ಕ್ಷಣದ ಮೌನ ಮತ್ತು ಸಿಡಿತಕ್ಕಾಗಿ ನಾನು ಈಗಲೂ ಎಷ್ಟು ದೂರ ಬೇಕಾದರೂ ಹೋಗಿಬರುತ್ತೇನೆ.

ಮೀಸೆ ಮೂಡುವ ಹೊತ್ತಿಗೆ ಹಾಡು ರೇಡಿಯೋದೊಳಗೆ ಬಂದು ಕೂತಿತ್ತು. ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಶುರುವಾದದ್ದು 1965ರಲ್ಲಿ. ಬೆಳಗಿನ ಪ್ರಸಾರಕ್ಕೆ ಮುಂಚೆ ಬರುತ್ತಿದ್ದ ಆ ಪುಟ್ಟ ನಾದವನ್ನು ನೆನೆಸಿಕೊಳ್ಳಿ: ಕೆಳಗೆ ತಂಬೂರಿಯ ಶ್ರುತಿ, ಮೇಲೆ ಪಿಟೀಲಿನ ಏಳೆಂಟು ಸ್ವರ. ಅದನ್ನು 1936ರಲ್ಲಿ ಕಟ್ಟಿದವರು ನಾಜಿಗಳ ಕಾಟದಿಂದ ತಪ್ಪಿಸಿಕೊಂಡು ಬೊಂಬಾಯಿಗೆ ಬಂದಿದ್ದ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ. ನೆಲೆ ಕಳೆದುಕೊಂಡವರೊಬ್ಬರು ಕಟ್ಟಿದ ಆ ಸ್ವರಗಳಿಂದಲೇ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಬೆಳಗಾಗುತ್ತಿತ್ತು.

ಆ ರೇಡಿಯೋ ಕೊಟ್ಟದ್ದು ಪಿ.ಬಿ. ಶ್ರೀನಿವಾಸ್ ಅವರನ್ನು. ಅವರ ಕಂಠದಲ್ಲಿ ಆತುರವೆಂಬುದಿಲ್ಲ. ಅಕ್ಷರವನ್ನು ಮೃದುವಾಗಿ ಮುಟ್ಟಿ, ಅದರ ಅಂಚನ್ನೆಲ್ಲ ಸವರಿ, ಆಮೇಲೆ ಕೈಬಿಡುತ್ತಾರೆ. 1971ರ ‘ಕಸ್ತೂರಿ ನಿವಾಸ’ದ ಗೊಂಬೆಯ ಹಾಡು ಕೇಳಿ. ಚಿ. ಉದಯಶಂಕರ್ ಬರೆದದ್ದು, ಜಿ.ಕೆ. ವೆಂಕಟೇಶ್ ಸಂಗೀತ. ಎಷ್ಟು ತಳ್ಳಿದರೂ ಬೀಳದೆ ಎದ್ದು ನಿಲ್ಲುವ ಗೊಂಬೆಯ ಓಲಾಟವನ್ನು ಆ ಧಾಟಿಯೊಳಗೇ ಕೂರಿಸಿದ್ದಾರೆ. ಸ್ವರ ವಾಲುತ್ತದೆ, ಮರಳಿ ಬಂದು ನೆಟ್ಟಗಾಗುತ್ತದೆ. ಕೊನೆಗೆ ಅದೇ ಧಾಟಿ ದುಃಖದಲ್ಲಿ ಅದ್ದಿಕೊಂಡು ಬಂದಾಗ ಹಾಡುವ ಕಂಠ ಸ್ವತಃ ವೆಂಕಟೇಶ್ ಅವರದು. ಶ್ರೀನಿವಾಸರ ರೇಷ್ಮೆಯ ನುಣುಪಿನ ಜಾಗದಲ್ಲಿ ಒರಟಾದ, ದಣಿದ, ಒಳಗೇ ಕುಸಿಯುತ್ತಿರುವ ಧ್ವನಿ. ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದಾಗ ನನಗೆ ಮೊದಲನೆಯದೇ ಪ್ರಿಯವಾಗಿತ್ತು, ಎರಡನೆಯದು ಬೇಗ ಮುಗಿಯಲಿ ಎನಿಸಿತ್ತು. ನಲವತ್ತು ದಾಟಿದ ಮೇಲೆ ಎರಡನೆಯದಕ್ಕಾಗಿಯೇ ಚಿತ್ರವನ್ನು ಕೊನೆಯವರೆಗೂ ನೋಡುತ್ತೇನೆ.

ಕಾಲೇಜಿನ ದಿನಗಳಿಗೆ ಶಿವಮೊಗ್ಗ ಸುಬ್ಬಣ್ಣ. ಚಂದ್ರಶೇಖರ ಕಂಬಾರರೇ ಬರೆದು, ರಾಗ ಹಾಕಿ, ನಿರ್ದೇಶಿಸಿದ ‘ಕಾಡು ಕುದುರೆ’ಯ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಹಿನ್ನೆಲೆ ಗಾಯನಕ್ಕೆ ಆ ಗೌರವ ಪಡೆದ ಮೊದಲ ಕನ್ನಡಿಗರು ಅವರೇ. ಎದೆ ತೆರೆದು, ಎಲ್ಲಿಯೂ ತಗ್ಗದೆ, ಕುದುರೆಯ ಬೆನ್ನೇರಿಯೇ ಹಾಡಿದ ಹಾಡು ಅದು. ಇಪ್ಪತ್ತರ ಹುಡುಗರಿಗೆ ಬೇರೇನು ಬೇಕು!

ಮದುವೆಗೆ ಸೋಬಾನೆ. ಎಣ್ಣೆ ಹಚ್ಚುವಾಗ ಒಂದು, ನೀರೆರೆಯುವಾಗ ಒಂದು, ಆರತಿಗೆ ಒಂದು. ಹಿರಿಯ ಮುತ್ತೈದೆ ಒಂದು ಸೊಲ್ಲು ಹೇಳಿದರೆ ಉಳಿದವರೆಲ್ಲ ಸೋ ಎಂದು ಎಳೆಯುವ ಆ ಸಾಮೂಹಿಕ ದನಿಯಲ್ಲಿ ಹಸಿ ಅರಿಶಿನದ ವಾಸನೆಯಿದೆ. ಗಡಿಬಿಡಿಯಲ್ಲಿರುವ ಮದುಮಗನಿಗೆ ಅದು ಅರೆಬರೆ ಕೇಳಿಸುತ್ತದೆ. ಅದರ ಪೂರ್ತಿ ಸವಿ ಗೊತ್ತಾಗುವುದು ಮಗಳನ್ನು ಧಾರೆ ಎರೆದು ಕೊಡುವಾಗ. ಮದುವೆಯಾದ ಹೊಸತಿನಲ್ಲಿ ನಮ್ಮ ಮನೆಯ ಟೇಪ್‌ರೆಕಾರ್ಡರ್‌ನಲ್ಲಿ ತಿರುಗಿದ್ದು ‘ಮೈಸೂರು ಮಲ್ಲಿಗೆ’. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಹೊರತಂದ ಆ ಸಂಕಲನದ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ಹಾಕಿದ ರಾಗಗಳಲ್ಲಿ ಒಂದು ನಾಚಿಕೆಯಿದೆ, ಸಿ. ಅಶ್ವತ್ಥ್ ಹಾಕಿದವುಗಳಲ್ಲಿ ಒಂದು ತುಂಟತನವಿದೆ. ದಾಂಪತ್ಯಕ್ಕೆ ಎರಡೂ ಬೇಕು. ಅದೇ ಕಾಲಕ್ಕೆ, 1992ರಲ್ಲಿ, ‘ಜೀವನ ಚೈತ್ರ’ ಬಂತು. ಅದರಲ್ಲಿ ರಾಜಕುಮಾರ್ ಹಾಡಿದ ತೋಡಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಅರವತ್ತು ದಾಟಿದ್ದ ಆ ಕಂಠ ತೋಡಿಯ ತಗ್ಗಿದ ಸ್ವರಗಳ ಮೇಲೆ ನಿಂತು, ನಿಂತು, ಮೆಲ್ಲಗೆ ಮೇಲಿನ ಷಡ್ಜವನ್ನು ಮುಟ್ಟುವ ಆ ನಡಿಗೆಯನ್ನು ಕೇಳುವಾಗ ನಾನು ಯಾರೊಂದಿಗೂ ಮಾತಾಡುವುದಿಲ್ಲ.

ಈಗಿನದು ಭಜನೆಯ ವಯಸ್ಸು. ದಮ್ಮಡಿ, ಏಕತಾರಿ, ತಾಳದ ಜೊತೆ ರಾತ್ರಿಯಿಡೀ ನಡೆಯುವ ತತ್ವಪದಗಳಿಗೆ ಬೆಳಗಿನ ಜಾವದಲ್ಲೇ ಹದ ಬರುವುದು. ಅಷ್ಟೊತ್ತಿಗೆ ಹಾಡುವವರ ಕಂಠದ ಬೆಡಗೆಲ್ಲ ಸೋರಿಹೋಗಿ ಬರೀ ಪದ ಉಳಿದಿರುತ್ತದೆ. ಸಾವಿನ ಮನೆಯ ಜಾಗರಣೆಯಲ್ಲಿ ಶಿಶುನಾಳ ಶರೀಫರ ಪದವನ್ನು ಹಾಗೆ ಕೇಳಿದವರಿಗೆ ಗೊತ್ತು, ಆ ರಾತ್ರಿ ಮನೆಯವರನ್ನು ಕೈಹಿಡಿದು ದಾಟಿಸುವುದು ಅದೇ.

ಮೊನ್ನೆ ಇಂಥದೇ ಭಜನೆಯ ಬಿಡುವಿನಲ್ಲಿ ಒಬ್ಬ ಹಿರಿಯರು ಮದಗದ ಕೆರೆಯ ಹಾಡನ್ನು ಎತ್ತಿಕೊಂಡರು. ರೇಡಿಯೋ, ಕ್ಯಾಸೆಟ್ಟುಗಳಲ್ಲಿ ಕುಣಿದಾಡುವ ಅದರ ನಡೆ ಇವರ ಬಾಯಲ್ಲಿ ಅರ್ಧಕ್ಕರ್ಧ ನಿಧಾನ. ಆ ನಿಧಾನದಲ್ಲಿ ಹುಡುಗುತನದಲ್ಲಿ ಕಿವಿಗೆ ಬಿದ್ದೂ ಕೇಳಿಸದ ಭಾಗವೆಲ್ಲ ಒಂದೊಂದಾಗಿ ಬಂತು. ಮಳೆ ಮುಗಿದ ಮೇಲೆ ಅಲ್ಲಿ ಮಾತಾಡುವುದು ನೀರು. ತುಂಬಿದ ಗಂಗೆ ತಾನಿನ್ನು ನಿಲ್ಲಲಾರೆ ಎನ್ನುತ್ತಾಳೆ, ಸುದ್ದಿ ಮುಟ್ಟಿಸಿ ಎನ್ನುತ್ತಾಳೆ, ಸಾವಿರಾರು ಒಡ್ಡರನ್ನೂ ಗುದ್ದಲಿಗಳನ್ನೂ ತರಿಸಿ ಎನ್ನುತ್ತಾಳೆ. ಅಷ್ಟಾದರೂ ನಿಲ್ಲಲಾರೆ ಎಂದೇ ಪ್ರತಿ ನುಡಿಯೂ ಮುಗಿಯುತ್ತದೆ. ಏರಿ ಕಟ್ಟಿದವರ ಬೆವರು, ಒಡೆದೀತೆಂಬ ಊರಿನ ಭಯ, ಎಲ್ಲವೂ ಆ ಒಂದು ಧಾಟಿಯಲ್ಲಿದೆ. ನಾವು ಏರಿಯ ಮೇಲೆ ಕಿರುಚುತ್ತಿದ್ದದ್ದು ಆ ಹಾಡಿನ ಮೊದಲ ನುಡಿ ಮಾತ್ರ. ಕೊನೆಯ ನುಡಿಯನ್ನು ಅವರು ಕಣ್ಣು ಮುಚ್ಚಿ ಹಾಡಿದರು. ನಾವು ಯಾರೂ ದನಿಗೂಡಿಸಲಿಲ್ಲ.

ಯೂಟ್ಯೂಬಿನಲ್ಲಿ ಈ ಹಾಡಿನ ಮೂರು ನಿಮಿಷದ ರೂಪಗಳು ಬೇಕಾದಷ್ಟಿವೆ, ಅವೂ ಚೆನ್ನಾಗಿಯೇ ಇವೆ. ಆದರೆ ನಿಮ್ಮ ಊರಿನಲ್ಲಿ ಅದನ್ನೋ ಅಂಥ ಇನ್ನೊಂದನ್ನೋ ಪೂರ್ತಿ ಬಲ್ಲ ಅಜ್ಜಿಯೋ ತಾತನೋ ಇದ್ದರೆ, ಈ ಹಬ್ಬಕ್ಕೆ ಹೋದಾಗ ಪಕ್ಕದಲ್ಲಿ ಕೂತು ಮೊದಲ ನುಡಿಯಿಂದ ಕೊನೆಯ ನುಡಿಯವರೆಗೂ ಹಾಡಿಸಿ ಕೇಳಿ. ಅವರು ನಡುವೆ ನಿಲ್ಲಿಸಿ ನೆನಪು ಮಾಡಿಕೊಂಡರೆ ಅವಸರಪಡಿಸಬೇಡಿ. ಕೈಯಲ್ಲಿ ಮೊಬೈಲು ಹೇಗೂ ಇರುತ್ತದೆ, ಮುದ್ರಿಸಿಕೊಳ್ಳಿ.