ಕೇಳಿದ ಪ್ರಶ್ನೆ, ಗಣಕ ತಿಳಿದ ಪ್ರಶ್ನೆ

ನಿಮ್ಮ ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟುಗಳ ವಿವರ ಗಣಕದ ಕೋಷ್ಟಕವೊಂದರಲ್ಲಿದೆ ಎಂದಿಟ್ಟುಕೊಳ್ಳಿ. ಪ್ರಾಜೆಕ್ಟುಗಳು 20, ಪ್ರತಿಯೊಂದಕ್ಕೂ ಎರಡು ವರದಿ ಸಲ್ಲಿಸಬೇಕು. 9 ಪ್ರಾಜೆಕ್ಟುಗಳಿಗೆ ಎರಡೂ ಬಂದಿವೆ, 7ಕ್ಕೆ ಒಂದೊಂದೇ, ಉಳಿದ 4ಕ್ಕೆ ಒಂದೂ ಇಲ್ಲ. ಈಗ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಕನ್ನಡದಲ್ಲೇ ಕೇಳಿ: ‘ಎಷ್ಟು ಪ್ರಾಜೆಕ್ಟುಗಳಿಗೆ ಎರಡು ವರದಿ ಬಂದಿಲ್ಲ?’

ಎರಡೂ ಬಾರದವು ಎಂದು ತಿಳಿದರೆ ಉತ್ತರ 4. ಎರಡು ಬರಬೇಕಿತ್ತು, ಅಷ್ಟು ಬಂದಿಲ್ಲ ಎಂದು ತಿಳಿದರೆ 11. ಎರಡೂ ಸರಿಯಾದ ಕನ್ನಡವೇ. ಅಂಕ ತಡೆಹಿಡಿಯುವ ಪಟ್ಟಿ ಈ ಉತ್ತರದಿಂದಲೇ ತಯಾರಾಗುವುದಾದರೆ ನಡುವಿನ ಆ 7 ಪ್ರಾಜೆಕ್ಟುಗಳ ವಿದ್ಯಾರ್ಥಿಗಳ ಗತಿಯೇನು?

ಇದು ನನ್ನ ಕುಚೋದ್ಯವಲ್ಲ. ಸಂಖ್ಯೆಯೂ ‘ಇಲ್ಲ’ ಎಂಬ ನಿಷೇಧವೂ ಒಂದೇ ವಾಕ್ಯದಲ್ಲಿ ಸೇರಿದಾಗ ಹುಟ್ಟುವ ಈ ದ್ವಂದ್ವಾರ್ಥವನ್ನು ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಕನ್ನಡದ ಮಕ್ಕಳಲ್ಲೂ ದೊಡ್ಡವರಲ್ಲೂ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ್ದಾರೆ. ನಾವು ಮಾತನಾಡುವಾಗ ಸಂದರ್ಭ ನೋಡಿ ಅರ್ಥ ಹಿಡಿಯುತ್ತೇವೆ, ಸಂಶಯ ಬಂದರೆ ಮರುಪ್ರಶ್ನೆ ಕೇಳುತ್ತೇವೆ. ಸಹಾಯಕ ಕೇಳದೆಯೂ ಹೋಗಬಹುದು. ಒಂದು ಅರ್ಥವನ್ನು ತಾನೇ ಆರಿಸಿಕೊಂಡು ಸೊಗಸಾದ ವಾಕ್ಯದಲ್ಲಿ ಉತ್ತರ ಹೇಳಿಬಿಡಬಹುದು.

ಆಡುಮಾತಿನಲ್ಲಿ ದತ್ತಾಂಶವನ್ನು ಪ್ರಶ್ನಿಸುವ ಆಸೆ ಹಳೆಯದು. ಅಪೊಲೊ 11 ತಂದ ಚಂದ್ರಶಿಲೆಗಳ ರಾಸಾಯನಿಕ ವಿಶ್ಲೇಷಣೆಯನ್ನು ಭೂವಿಜ್ಞಾನಿಗಳು ಇಂಗ್ಲಿಷಿನಲ್ಲೇ ಕೇಳಿ ಪಡೆಯಲೆಂದು ವಿಲಿಯಂ ವುಡ್ಸ್ ಮತ್ತು ಸಂಗಡಿಗರು ‘ಲೂನಾರ್’ ವ್ಯವಸ್ಥೆ ರಚಿಸಿ 1971ರಲ್ಲಿ ಪ್ರದರ್ಶಿಸಿದರು. ಅದು ಪ್ರಶ್ನೆಯನ್ನು ಮೊದಲು ತರ್ಕಸೂತ್ರವಾಗಿ ಬದಲಿಸುತ್ತಿತ್ತು, ಆಮೇಲೆ ದತ್ತಾಂಶದಲ್ಲಿ ಹುಡುಕುತ್ತಿತ್ತು. ಆ ಸೂತ್ರವನ್ನು ಓದಿದರೆ ಯಂತ್ರ ಏನೆಂದು ತಿಳಿಯಿತು ಎಂಬುದು ಗೊತ್ತಾಗುತ್ತಿತ್ತು.

ಇಂದು ಜೋಡಣೆ ಸುಲಭ. ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ನಂಥ ನಿಯಮಾವಳಿಗಳಿಂದ ಸಹಾಯಕವು ಪ್ರಾಜೆಕ್ಟುಗಳ ದತ್ತಾಂಶವನ್ನು ನೇರವಾಗಿ ತಲುಪಬಲ್ಲದು. ಆದರೆ ಇಂಥ ನಿಯಮಾವಳಿ ದತ್ತಾಂಶ ಸಾಗುವ ದಾರಿಯಷ್ಟೆ. ‘ಎರಡು ಬಂದಿಲ್ಲ’ ಎಂದರೇನು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಈ ಸಹಾಯಕಗಳನ್ನು ಹೊಗಳುವವರು ಇದನ್ನು ಮರೆಯುತ್ತಾರೆ. ಕನ್ನಡದಲ್ಲಿ ಉತ್ತರ ಬಂದದ್ದೇ ದೊಡ್ಡದೆಂದು ಚಪ್ಪಾಳೆ ತಟ್ಟುತ್ತಾರೆ.

ವರ್ನಿಯರ್ ಕ್ಯಾಲಿಪರ್ಸ್ ಪ್ರಯೋಗದಲ್ಲಿ ಮುಖ್ಯ ಮಾಪಕದ ಅಳತೆ, ವರ್ನಿಯರ್ ಅಳತೆ, ಲೀಸ್ಟ್ ಕೌಂಟ್ ಯಾವುದನ್ನೂ ಬರೆಯದೆ ಬರೀ ಫಲಿತಾಂಶ ಬರೆದ ವಿದ್ಯಾರ್ಥಿಗೆ ನೀವು ಪೂರ್ಣ ಅಂಕ ಕೊಡುವಿರಾ? ಹಾಗೆಯೇ ಇಲ್ಲಿಯೂ ಉತ್ತರದ ಕೆಳಗೆ ಎರಡು ಸಂಗತಿ ಇರಲೇಬೇಕು: ಪ್ರಶ್ನೆಯನ್ನು ಯಾವ ಅರ್ಥದಲ್ಲಿ ತೆಗೆದುಕೊಂಡಿತು, ಕೋಷ್ಟಕದ ಯಾವ ಸಾಲುಗಳನ್ನು ಎಣಿಸಿತು. ಇವೆರಡನ್ನೂ ತೋರಿಸದ ತಂತ್ರಾಂಶವನ್ನು ಯಾವ ವಿಭಾಗವೂ ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಕೆಲಸವಿದೆ. ಇಂಥ ಇಬ್ಬಗೆಯ ಕನ್ನಡ ಪ್ರಶ್ನೆಗಳ ಪರೀಕ್ಷಾ ಸಂಗ್ರಹವೊಂದು ಬೇಕು. 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇರುವುದು ನಮ್ಮ ಮೈಸೂರಿನಲ್ಲೇ. ಭಾರತೀಯ ಭಾಷೆಗಳ ದತ್ತಾಂಶ ಸಂಗ್ರಹ ಯೋಜನೆಯೂ ಅಲ್ಲಿಯದೇ. ಅದಕ್ಕೆ ಮುನ್ನ ನೀವೇ ಒಂದು ಸಂಜೆ ಕುಳಿತು ನಿಮ್ಮ ವಿಭಾಗದ ಕೋಷ್ಟಕದ ಮೇಲೆ ಹತ್ತು ಪ್ರಶ್ನೆ ಬರೆದು, ಉತ್ತರವನ್ನು ಕೈಯಲ್ಲಿ ಎಣಿಸಿ, ಸಹಾಯಕದ ಉತ್ತರದೊಡನೆ ಹೋಲಿಸಿ ನೋಡಬಹುದು.