ಕಾಣದ ಸಾಮಾಜಿಕರು

ಕಾವ್ಯವನ್ನು ಒಬ್ಬನೇ ಕುಳಿತು ಕಣ್ಣಿನಿಂದ ಓದಿಕೊಳ್ಳುವ ವಾಡಿಕೆ ಬಹಳ ಹಳೆಯದಲ್ಲ. ಅಚ್ಚಿನ ಪುಸ್ತಕಗಳು ಮನೆಮನೆಗೂ ಬರುವುದಕ್ಕೆ ಮುಂಚೆ ಕನ್ನಡನಾಡಿನ ಹಳ್ಳಿಗಳಲ್ಲಿ ಗಮಕಿಯೊಬ್ಬನು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ರಾಗವಾಗಿ ವಾಚಿಸುತ್ತಿದ್ದನು. ಮತ್ತೊಬ್ಬನು ಅರ್ಥ ಹೇಳುತ್ತಿದ್ದನು. ದೇವಸ್ಥಾನದ ಜಗಲಿಯಲ್ಲಿ ನೆರೆದವರು ಕೇಳುತ್ತಿದ್ದರು. ಕರ್ಣಾವಸಾನದ ಭಾಗ ಬಂದಾಗ ಪಕ್ಕದವನ ನಿಟ್ಟುಸಿರು ಕೇಳುವವನ ದುಃಖವನ್ನು ಇಮ್ಮಡಿಗೊಳಿಸುತ್ತಿತ್ತು. ಅಚ್ಚಿನ ಪುಸ್ತಕವು ವಾಚಕನಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು; ಜೊತೆಯನ್ನು ತೆಗೆದುಕೊಂಡಿತು. ಈಚಿನ ಜಾಲತಾಣವಾದರೋ ಮತ್ತೊಂದು ವಿಚಿತ್ರವನ್ನು ತಂದಿದೆ. ಒಂದೇ ಪುಟವನ್ನು ಒಂದೇ ಗಳಿಗೆಯಲ್ಲಿ ಸಾವಿರ ಮಂದಿ ನೋಡುತ್ತಿರಬಹುದು. ಆದರೂ ಅವರಲ್ಲಿ ಪ್ರತಿಯೊಬ್ಬನಿಗೂ ತಾನೊಬ್ಬನೇ ಅಲ್ಲಿರುವಂತೆ ತೋರುತ್ತದೆ. ಸಭೆ ತುಂಬಿದೆ, ಸಭಾಸದರು ಒಬ್ಬರಿಗೊಬ್ಬರು ಕಾಣರು.

ಈ ಕೊರತೆಯನ್ನು ನೀಗಬೇಕೆಂದು ಮೂರು ದಶಕಗಳಿಂದ ನಾನಾ ಪ್ರಯತ್ನಗಳು ನಡೆದಿವೆ. ಅವುಗಳನ್ನು ಯಂತ್ರಕೌಶಲದ ದೃಷ್ಟಿಯಿಂದ ಅಳೆದವರು ಅನೇಕರುಂಟು. ರಸದೃಷ್ಟಿಯಿಂದ ಅಳೆಯುವುದೂ ಅವಶ್ಯಕ. ಏಕೆಂದರೆ ಪರರ ಸಾನ್ನಿಧ್ಯವು ಅನುಭವವನ್ನು ಎಲ್ಲಿ ಪೋಷಿಸುತ್ತದೆ, ಎಲ್ಲಿ ಕೆಡಿಸುತ್ತದೆ ಎಂಬುದು ಭಾರತೀಯ ಕಾವ್ಯಮೀಮಾಂಸೆಗೆ ಹೊಸ ಪ್ರಶ್ನೆಯಲ್ಲ.

ನಾಟಕವನ್ನು ನೋಡಲು ನೆರೆದವನಿಗೆ ಶಾಸ್ತ್ರದಲ್ಲಿ ‘ಸಾಮಾಜಿಕ’ನೆಂದು ಹೆಸರು, ಸಮಾಜದಲ್ಲಿ, ಎಂದರೆ ಕೂಟದಲ್ಲಿ, ಇರತಕ್ಕವನು ಎಂದರ್ಥ. ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯದಲ್ಲಿ ಭರತನು ಪ್ರಯೋಗದ ಸಿದ್ಧಿಯನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ಪ್ರೇಕ್ಷಕರು ಮುಗುಳ್ನಗುವುದು, ಗಟ್ಟಿಯಾಗಿ ನಗುವುದು, ‘ಸಾಧು’, ‘ಅಹೋ’ ಎಂದು ಉದ್ಗರಿಸುವುದು, ಪುಲಕಗೊಳ್ಳುವುದು, ಆಸನದಿಂದ ಮೇಲೇಳುವುದು, ಮೈಮೇಲಿನ ವಸ್ತ್ರವನ್ನೂ ಬೆರಳಿನ ಉಂಗುರವನ್ನೂ ನಟರಿಗೆ ಕೊಡುವುದು—ಇವೆಲ್ಲ ಮಾನುಷೀ ಸಿದ್ಧಿಯ ಗುರುತುಗಳು. ರಂಗವು ತುಂಬಿದ್ದು, ಅಲ್ಲಿ ಶಬ್ದವಾಗಲಿ ಕ್ಷೋಭೆಯಾಗಲಿ ಉತ್ಪಾತವಾಗಲಿ ಇಲ್ಲದಿದ್ದರೆ ಅದು ದೈವೀ ಸಿದ್ಧಿ. ಅಭಿನವಗುಪ್ತನು ಮುಂದುವರಿದು, ಸಾಮಾಜಿಕರೆಲ್ಲರ ಪ್ರತೀತಿಯು ಒಂದೇ ಘನವಾಗಿ ನಿಂತಾಗ ರಸವು ಹೆಚ್ಚಾಗಿ ಪುಷ್ಟಿಗೊಳ್ಳುತ್ತದೆಂದು ‘ಅಭಿನವಭಾರತಿ’ಯಲ್ಲಿ ಹೇಳುತ್ತಾನೆ. ಅವನೇ ‘ತಂತ್ರಾಲೋಕ’ದಲ್ಲಿ, ಗೀತನೃತ್ಯಗಳ ಕೂಟದಲ್ಲಿ ತನ್ಮಯನಾಗದವನೊಬ್ಬನು ಸೇರಿದರೂ ಉಳಿದವರ ಸಂವಿತ್ತು ಸಂಕೋಚಗೊಳ್ಳುತ್ತದೆಂದು ಎಚ್ಚರಿಸುತ್ತಾನೆ. ಹೀಗೆ ಎರಡು ಮಾತು ಸಿದ್ಧವಾಗುತ್ತವೆ: ಜೊತೆಯಿಂದ ರಸ ಹೆಚ್ಚುತ್ತದೆ, ಆದರೆ ಎಲ್ಲ ಜೊತೆಯಿಂದಲೂ ಅಲ್ಲ. ಜಾಲತಾಣದ ಪ್ರಯತ್ನಗಳನ್ನು ಈ ಒರೆಗಲ್ಲಿನ ಮೇಲೆ ಉಜ್ಜಿ ನೋಡಬಹುದು.

ಮೊದಮೊದಲಿನ ತಾಣಗಳಲ್ಲಿ ಪುಟದ ಅಡಿಯಲ್ಲಿ ಒಂದು ಎಣಿಕೆ ಇರುತ್ತಿತ್ತು. ಈವರೆಗೆ ಇಷ್ಟು ಮಂದಿ ಬಂದುಹೋದರೆಂದು ಅದು ತಿಳಿಸುತ್ತಿತ್ತು. ಇದು ಸಾನ್ನಿಧ್ಯವಲ್ಲ, ಲೆಕ್ಕ. ಜಾತ್ರೆಗೆ ಬಂದವರ ಸಂಖ್ಯೆಯನ್ನು ಮಾರನೆಯ ದಿನ ಕೇಳಿದವನಿಗೆ ಜಾತ್ರೆಯ ಅನುಭವವಾಗುವುದಿಲ್ಲ.

ಈ ವಿಷಯದಲ್ಲಿ ತಾತ್ತ್ವಿಕವಾದ ವಿಚಾರವನ್ನು ಮಾಡಿದವರು ಐ.ಬಿ.ಎಂ. ಸಂಸ್ಥೆಯ ಥಾಮಸ್ ಎರಿಕ್‌ಸನ್ ಮತ್ತು ವೆಂಡಿ ಕೆಲಾಗ್. ೨೦೦೦ದಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಒಂದು ಬಾಗಿಲಿನ ದೃಷ್ಟಾಂತವಿದೆ. ಮೆಟ್ಟಿಲಿನಿಂದ ಮೊಗಸಾಲೆಗೆ ತೆರೆಯುವ ಆ ಬಾಗಿಲನ್ನು ಯಾರಾದರೂ ರಭಸದಿಂದ ತಳ್ಳಿದರೆ ಆಚೆ ಇದ್ದವರಿಗೆ ತಗಲುತ್ತಿತ್ತು. ‘ಮೆಲ್ಲಗೆ ತೆರೆಯಿರಿ’ ಎಂಬ ಫಲಕದಿಂದ ಪ್ರಯೋಜನವಾಗಲಿಲ್ಲ. ಬಾಗಿಲಿಗೆ ಒಂದು ಗಾಜಿನ ಕಿಂಡಿ ಇದ್ದರೆ ಫಲಕವೇ ಬೇಡ. ಆಚೆಯವನು ಈಚೆಯವನಿಗೆ ಕಾಣುತ್ತಾನೆ. ಕಂಡದ್ದರಿಂದ ಅವನ ವಿಷಯದಲ್ಲಿ ಎಚ್ಚರ ಹುಟ್ಟುತ್ತದೆ. ತಾನು ಕಂಡದ್ದು ಅವನಿಗೂ ಗೊತ್ತು ಎಂಬುದರಿಂದ ಹೊಣೆ ಹುಟ್ಟುತ್ತದೆ. ಈ ಮೂರೂ ಗಣಕಯಂತ್ರದ ಕೂಟಕ್ಕೆ ಬೇಕೆಂಬುದು ಅವರ ವಾದ. ಅವರು ರಚಿಸಿದ ‘ಬ್ಯಾಬಲ್’ ಎಂಬ ಸಾಧನದಲ್ಲಿ ಸಂಭಾಷಣೆಯು ಒಂದು ವೃತ್ತವಾಗಿಯೂ ಅದರಲ್ಲಿದ್ದವರು ಬಣ್ಣದ ಗೋಲಿಗಳಾಗಿಯೂ ತೋರುತ್ತಿದ್ದರು. ಮಾತಿನಲ್ಲಿ ತೊಡಗಿದವನ ಗೋಲಿ ನಡುವಿಗೆ ಸರಿಯುತ್ತಿತ್ತು. ಸುಮ್ಮನಾದವನದು ಮೆಲ್ಲಮೆಲ್ಲನೆ ಅಂಚಿಗೆ ಹೋಗುತ್ತಿತ್ತು. ಎಷ್ಟು ಅಲ್ಪವಾದ ಸಂಕೇತ! ಆದರೂ ಅದರಲ್ಲಿ ಕೂಟದ ಉಸಿರು ತಿಳಿಯುತ್ತದೆ. ಅವರು ತಮ್ಮ ತತ್ತ್ವವನ್ನು ಪೂರ್ಣ ಪಾರದರ್ಶಕತೆ ಎಂದು ಕರೆಯದೆ ಮಸುಕಾದ ಗಾಜಿಗೆ ಹೋಲಿಸಿದ್ದು ಔಚಿತ್ಯಜ್ಞಾನದ ಲಕ್ಷಣ. ಎಲ್ಲವೂ ಕಂಡರೆ ಅದು ಸಭೆಯಾಗದು, ಕಾವಲಾಗುತ್ತದೆ.

ಗೂಗಲ್ ಡಾಕ್ಸ್‌ನಲ್ಲಿ ಇದೇ ವಿವೇಕದ ಇನ್ನೊಂದು ರೂಪವಿದೆ. ಬಹಿರಂಗವಾಗಿಟ್ಟ ಬರಹವೊಂದನ್ನು ಹೆಸರು ತಿಳಿಸದೆ ತೆರೆದವರು ಅಲ್ಲಿ ಯಾವುದೋ ಪ್ರಾಣಿಯ ಚಿತ್ರವಾಗಿ ತೋರುತ್ತಾರೆ. ಹೆಸರಿಲ್ಲದೆಯೂ ಇರವು ತಿಳಿಯಬಹುದೆಂಬುದಕ್ಕೆ ಇದು ನಿದರ್ಶನ.

ಎರಡನೆಯ ಜಾತಿಯ ಪ್ರಯತ್ನಗಳು ಈಗ ಇರುವವರನ್ನಲ್ಲ, ಹಿಂದೆ ಬಂದವರನ್ನು ತೋರಿಸುತ್ತವೆ. ೧೯೯೨ರಲ್ಲಿ ವಿಲ್ ಹಿಲ್, ಜೇಮ್ಸ್ ಹಾಲನ್ ಮೊದಲಾದವರು ‘ಓದಿನ ಸವೆತ’ವೆಂಬ ಭಾವನೆಯನ್ನು ಮುಂದಿಟ್ಟರು. ಬಳಸಿದ ಗ್ರಂಥವು ಸವೆಯುತ್ತದೆ. ಹೆಚ್ಚು ಓದಿದ ಪುಟ ತಾನಾಗಿ ತೆರೆದುಕೊಳ್ಳುತ್ತದೆ. ಯಂತ್ರದ ಬರಹಕ್ಕೆ ಸವೆತವಿಲ್ಲವಾದ್ದರಿಂದ ಯಾವ ಸಾಲಿನಲ್ಲಿ ಓದುಗರು ಎಷ್ಟು ಹೊತ್ತು ನಿಂತರೆಂಬುದನ್ನು ಪುಟದ ಅಂಚಿನಲ್ಲಿ ಗುರುತುಗಳಾಗಿ ಅವರು ಮೂಡಿಸಿದರು. ಮನೆತನದ ಹಳೆಯ ಭಾರತದ ಪ್ರತಿಯಲ್ಲಿ ಅಜ್ಜನ ಕೈಯ ಎಣ್ಣೆಯ ಕಲೆಯನ್ನು ಕಂಡವರಿಗೆ ಈ ಭಾವನೆಯ ಸೊಗಸು ವಿವರಿಸದೆಯೇ ತಿಳಿಯುತ್ತದೆ. ಆ ಕಲೆ ಏನನ್ನೂ ಬೋಧಿಸುವುದಿಲ್ಲ; ಇಲ್ಲಿ ಒಬ್ಬರು ನಿಂತಿದ್ದರು ಎಂದಷ್ಟೇ ಹೇಳುತ್ತದೆ.

೨೦೧೦ರಲ್ಲಿ ಕಿಂಡಲ್ ಪುಸ್ತಕಗಳಲ್ಲಿ ಬಂದ ಏರ್ಪಾಡು ಇದರ ತಮ್ಮನೆನ್ನಬಹುದಾದರೂ ಅಣ್ಣನ ಸಂಯಮ ಅದಕ್ಕಿಲ್ಲ. ಬಹುಮಂದಿ ಗುರುತು ಹಾಕಿಕೊಂಡ ವಾಕ್ಯದ ಕೆಳಗೆ ಚುಕ್ಕಿಗೆರೆಯೂ, ಗುರುತು ಹಾಕಿದವರ ಸಂಖ್ಯೆಯೂ ತೋರುತ್ತವೆ. ಇದರಿಂದ ವಾಚಕನಿಗೆ ಜೊತೆ ಸಿಕ್ಕಿತು, ನಿಜ. ಆದರೆ ಕಾದಂಬರಿಯ ನಡುವೆ ಚುಕ್ಕಿಗೆರೆಯನ್ನು ಕಂಡೊಡನೆ ‘ಇಲ್ಲಿ ಏನೋ ದೊಡ್ಡ ಮಾತಿದೆ’ ಎಂದು ಮನಸ್ಸು ಮೊದಲೇ ಕೈಮುಗಿಯುತ್ತದೆ. ಇಂಥ ಆಯ್ಕೆಯಲ್ಲಿ ಸೂಕ್ತಿಯಂಥ ವಾಕ್ಯಗಳು ಸುಲಭವಾಗಿ ಗೆಲ್ಲುತ್ತವೆ. ಸನ್ನಿವೇಶದಿಂದ ಬೇರ್ಪಡಿಸಲಾಗದ ಸೂಕ್ಷ್ಮಸ್ಥಳಗಳು ಗೆರೆಯಿಲ್ಲದೆ ಉಳಿಯುತ್ತವೆ. ಬೇಡವೆಂದವರು ಗೆರೆಗಳನ್ನು ಮರೆಮಾಡಬಹುದೆಂಬುದೊಂದು ಸಮಾಧಾನ.

ಇವೆಲ್ಲಕ್ಕಿಂತ ಧೈರ್ಯವಾದ ಪ್ರಯೋಗ ಜಪಾನಿನದು. ೨೦೦೬ರ ಡಿಸೆಂಬರಿನಲ್ಲಿ ಆರಂಭವಾದ ‘ನಿಕೊನಿಕೊ’ ತಾಣದಲ್ಲಿ ನೋಟಕರ ಉದ್ಗಾರಗಳು ಚಲಚ್ಚಿತ್ರದ ಮೇಲೆಯೇ ಬಲದಿಂದ ಎಡಕ್ಕೆ ಅಕ್ಷರಗಳಾಗಿ ಹರಿಯುತ್ತವೆ. ಪ್ರತಿಯೊಂದು ಉದ್ಗಾರವೂ ಚಿತ್ರದ ಒಂದು ಕ್ಷಣಕ್ಕೆ ಕಟ್ಟುಬಿದ್ದಿರುವುದರಿಂದ, ಹೋದ ವರ್ಷ ನಕ್ಕವನೂ ನಿನ್ನೆ ನಕ್ಕವನೂ ಇಂದು ನೋಡುವವನೊಡನೆ ಒಂದೇ ಕ್ಷಣದಲ್ಲಿ ನಗುತ್ತಾರೆ. ಹಮಾನೊ ಸಾತೊಶಿ ಎಂಬ ಜಪಾನೀ ವಿಮರ್ಶಕನು ಇದನ್ನು ೨೦೦೮ರಲ್ಲಿ ‘ಹುಸಿ ಸಮಕಾಲಿಕತೆ’ ಎಂಬರ್ಥದ ಮಾತಿನಿಂದ ಕರೆದನು. ಭರತನ ಮಾನುಷೀ ಸಿದ್ಧಿಗೆ ಇಷ್ಟು ಹತ್ತಿರವಾದ ಯಂತ್ರ ಬೇರೊಂದಿಲ್ಲ. ‘ಅಹೋ’, ‘ಸಾಧು’ ಎಂಬುವೇ ಅಕ್ಷರವಾಗಿ ಓಡುತ್ತವೆ. ದೋಷವೂ ಅಲ್ಲಿಯೇ ಇದೆ. ಉದ್ಗಾರಗಳು ದಟ್ಟವಾದಾಗ ಚಿತ್ರವೇ ಮರೆಯಾಗುತ್ತದೆ. ಈ ಕ್ರಮಕ್ಕೆ ‘ಗುಂಡುಗಳ ಪರದೆ’ ಎಂಬರ್ಥದ ಹೆಸರು ರೂಢಿಯಾದುದು ಅಕಾರಣವಲ್ಲ. ಹಾಸ್ಯಕ್ಕೆ ಒಪ್ಪುವ ಈ ಗದ್ದಲ ಕರುಣಕ್ಕೂ ಶಾಂತಕ್ಕೂ ಒಪ್ಪದು. ತನ್ಮಯನಾಗದವನೊಬ್ಬನ ಒಂದು ಕೀಟಲೆಯ ಮಾತು ಸಾಕು, ಅಭಿನವಗುಪ್ತನು ಹೇಳಿದ ಸಂಕೋಚವು ಸಭೆಗೆಲ್ಲ ತಗಲುತ್ತದೆ.

ಪರರ ಇರವು ರಸಕ್ಕೆ ಮಾತ್ರವಲ್ಲ, ತೀರ್ಮಾನಕ್ಕೂ ತಗಲುತ್ತದೆ. ಮ್ಯಾಥ್ಯೂ ಸಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು ೨೦೦೬ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆ ಇದಕ್ಕೆ ಪ್ರಮಾಣ. ಅಪರಿಚಿತ ತಂಡಗಳ ೪೮ ಹಾಡುಗಳನ್ನು ಅವರು ೧೪,೩೪೧ ಮಂದಿಯ ಮುಂದಿಟ್ಟರು. ಕೆಲವರಿಗೆ ಹಾಡುಗಳ ಹೆಸರಷ್ಟೇ ಕಾಣುತ್ತಿತ್ತು. ಉಳಿದವರನ್ನು ಎಂಟು ಲೋಕಗಳಾಗಿ ಹಂಚಿ, ತಮ್ಮ ಲೋಕದವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡರೆಂಬುದನ್ನು ತೋರಿಸಲಾಯಿತು. ಸಂಖ್ಯೆ ಕಂಡ ಲೋಕಗಳಲ್ಲಿ ಮೆಚ್ಚಿನ ಹಾಡುಗಳು ಮತ್ತೂ ಮೆಚ್ಚಿನವಾದವು, ಉಳಿದವು ಮತ್ತೂ ಹಿಂದೆ ಬಿದ್ದವು. ಅಷ್ಟೇ ಅಲ್ಲ, ಒಂದು ಲೋಕದಲ್ಲಿ ಮೇಲೇರಿದ ಹಾಡು ಇನ್ನೊಂದರಲ್ಲಿ ಮೇಲೇರುವುದೆಂಬ ಭರವಸೆಯೂ ಹೋಯಿತು. ಅತ್ಯುತ್ತಮವಾದವು ಪೂರ್ತಿ ಸೋಲುವುದೂ ಅಧಮವಾದವು ಪೂರ್ತಿ ಗೆಲ್ಲುವುದೂ ಅಪರೂಪ. ನಡುವಿನವುಗಳ ಗತಿ ಮಾತ್ರ ಅನಿಶ್ಚಿತ. ಅಭಿರುಚಿಯ ಹೆಸರಿನಲ್ಲಿ ಗುಂಪಿನ ಹೆಜ್ಜೆಯನ್ನು ಅನುಸರಿಸುವುದು ಎಷ್ಟು ಸುಲಭವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ವ್ಯಾಪಾರಿಗಳಿಗೆ ಈ ಮರ್ಮ ಬೇಗ ತಿಳಿಯಿತು. ‘ಇದೇ ಹೋಟೆಲನ್ನು ಈಗ ಇಷ್ಟು ಮಂದಿ ನೋಡುತ್ತಿದ್ದಾರೆ’ ಎಂಬ ಸೂಚನೆಯು ಜೊತೆ ಕೊಡುವುದಕ್ಕಾಗಿ ಬಂದುದಲ್ಲ, ಅವಸರಪಡಿಸುವುದಕ್ಕಾಗಿ ಬಂದುದು. ಆ ಮಂದಿ ಬೇರೆ ದಿನಗಳಿಗಾಗಿ ಹುಡುಕುತ್ತಿರಬಹುದೆಂಬುದನ್ನು ಸ್ಪಷ್ಟಪಡಿಸಬೇಕೆಂದು ೨೦೧೯ರಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವು ಆರು ತಾಣಗಳಿಂದ ಒಪ್ಪಿಗೆ ಪಡೆಯಿತು. ಭಾರತದಲ್ಲಿಯೂ ೨೦೨೩ರ ನವೆಂಬರ್ ೩೦ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ನಿಷೇಧಿಸಿದ ೧೩ ಬಗೆಯ ವಂಚನೆಗಳಲ್ಲಿ ಹುಸಿ ಅವಸರವೂ ಸೇರಿದೆ. ಇದಲ್ಲದೆ ಇನ್ನೊಂದು ಅನ್ಯಾಯವಿದೆ. ಬಂದವನು ಎಲ್ಲಿ ನಿಂತ, ಏನನ್ನು ಒತ್ತಿದ, ಯಾವಾಗ ಹೊರಟ ಎಂಬುದೆಲ್ಲ ಅನೇಕ ತಾಣಗಳ ಒಡೆಯರಿಗೆ ಕಾಣುತ್ತದೆ. ಬಂದವರು ಮಾತ್ರ ಒಬ್ಬರಿಗೊಬ್ಬರು ಕಾಣರು. ಬಾಗಿಲಿಗೆ ಗಾಜನ್ನೇನೋ ಇಟ್ಟಿದೆ. ಆದರೆ ಅದು ಒಂದೇ ಕಡೆಯಿಂದ ಕಾಣುವ ಗಾಜು.

ಆದುದರಿಂದ ಈ ಬಗೆಯ ರಚನೆಗಳನ್ನು ಬೆಲೆಕಟ್ಟುವವರು ಅವು ಎಷ್ಟು ಮಂದಿಯನ್ನು ತೋರಿಸುತ್ತವೆ ಎಂದು ಕೇಳಿದರೆ ಸಾಲದು. ತೋರಿದ ಜೊತೆ ನಿಜವಾದುದೇ? ನೋಡುವವನು ತಾನೂ ಕಾಣುತ್ತೇನೆಂದು ಬಲ್ಲನೇ, ಬೇಡವೆಂದಾಗ ಮರೆಯಲ್ಲಿರಬಲ್ಲನೇ? ಪರರ ಮೆಚ್ಚುಗೆ ಅವನ ಸ್ವಂತ ಓದಿಗಿಂತ ಮುಂಚೆ ಬಂದು ಕುಳಿತಿದೆಯೇ, ಇಲ್ಲವೆ ಓದು ಮುಗಿದ ಮೇಲೆ ಬಂದು ಪಕ್ಕದಲ್ಲಿ ಕೂರುತ್ತದೆಯೇ? ಈ ಪರೀಕ್ಷೆಯಲ್ಲಿ ಬ್ಯಾಬಲ್‌ನ ಗೋಲಿಗಳೂ ಓದಿನ ಸವೆತವೂ ಮೇಲಾಗಿ ನಿಲ್ಲುತ್ತವೆ. ನಿಕೊನಿಕೊ ಉತ್ಸಾಹದಲ್ಲಿ ಗೆದ್ದು ಸಂಯಮದಲ್ಲಿ ಸೋಲುತ್ತದೆ. ಅಂಗಡಿಯ ಎಣಿಕೆ ಸಭೆಯ ಹೊರಗೇ ಉಳಿಯುತ್ತದೆ.

ಉದ್ಗಾರಕ್ಕೆ ಎಡೆಮಾಡಿಕೊಡುವ ತಾಣಗಳಿಗೆ ಇಂದು ಕೊರತೆಯಿಲ್ಲ. ತುಂಬಿದ ರಂಗದ ಮೌನವನ್ನು ತಿಳಿಸುವ ತಾಣಗಳು ವಿರಳ. ಗಮಕಿಯು ಪದ್ಯವನ್ನು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಜಗಲಿಯ ಮೇಲೆ ಯಾರೂ ಮಾತಾಡದಿದ್ದರೂ ಎಲ್ಲರೂ ಇದ್ದಾರೆಂಬುದು ಎಲ್ಲರಿಗೂ ತಿಳಿದಿರುತ್ತಿತ್ತು. ಭರತನು ದೈವೀ ಎಂದು ಕರೆದದ್ದು ಅದನ್ನೇ. ಜಾಲತಾಣದ ಶಿಲ್ಪಿಗಳು ಸಾಧಿಸಬೇಕಾದುದೂ ಅದನ್ನೇ.