ಕ್ಯಾಪಿನ ಅಂಚು

'ಬೆಳ್ಳನ ಕ್ಯಾಪ್ ಹಾಕ್ಸಲಿ ಏನ್ರಿ, ಸ್ಟೀಲಿಂದು ಸಾಕೇನ್ರಿ?' ಸೇಡಂ, ಚಿತ್ತಾಪುರದ ಕಡೆ ಬೇರುನಾಳ ಚಿಕಿತ್ಸೆ ಮುಗಿಸಿದವರ ಮೊದಲ ಪ್ರಶ್ನೆ ಇದು. ಆಮೇಲೆ ದರ, ಆಮೇಲೆ ವ್ಯಾರಂಟಿ ಕಾರ್ಡು. ಅಂಚು ಹಲ್ಲಿಗೆ ಹೇಗೆ ಕೂಡುತ್ತದೆ ಎಂದು ಯಾರೂ ಕೇಳುವುದಿಲ್ಲ. ವಸಡು ಕೇಳುವುದು ಮಾತ್ರ ಮೊದಲು ಅದನ್ನೇ.

ಶಹಾಬಾದ್ ಫರಸಿ ಹಾಸಿದ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಲ್ಲಿನ ಮೈ ಒರೆಸಿದರೆ ಹೊಳೆಯುತ್ತದೆ, ಕೊಳೆ ಕೂರುವುದು ಸಂದಿನಲ್ಲಿ. ಬಾಯಲ್ಲಿ ಆ ಸಂದು ಕಣ್ಣಿಗೆ ಕಾಣದಷ್ಟು ಸಣ್ಣದು. ಮೆಕ್ಲೀನ್ ಮತ್ತು ಫ್ರಾನ್‌ಹೋಫರ್ ಸಾವಿರಕ್ಕೂ ಹೆಚ್ಚು ಕ್ಯಾಪು, ತುಂಬುವಿಕೆಗಳನ್ನು ಐದು ವರ್ಷ ಗಮನಿಸಿ 1971ರಲ್ಲಿ ಒಂದು ಮಿತಿ ಹೇಳಿದರು: 120 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಬ್ಯಾಕ್ಟೀರಿಯಾದ ಗಾತ್ರ ಸುಮಾರು ಒಂದು ಮೈಕ್ರಾನ್. ನಾವು ಒಪ್ಪಿಕೊಂಡ ಸಂದಿನಲ್ಲೂ ಅದಕ್ಕೆ ಹೆದ್ದಾರಿಯಷ್ಟು ಜಾಗ ಉಂಟು. ಇನ್ನು ಮಿತಿ ಮೀರಿದರೆ?

ಲ್ಯಾಬಿನಿಂದ ಬಂದ ಕ್ಯಾಪನ್ನು ಗಚ್ಚಿನ ಅಚ್ಚಿನ ಮೇಲೆ ಕೂರಿಸಿ, ಎಕ್ಸ್‌ಪ್ಲೋರರ್ ಎಂಬ ಸೂಜಿಮೊನೆಯ ಸಲಕರಣೆಯಿಂದ ಅಂಚನ್ನು ಓದುವುದು ನನಗೆ ಬಹಳ ಇಷ್ಟದ ಕೆಲಸ. ಮೊನೆಯನ್ನು ಹಲ್ಲಿನಿಂದ ಕ್ಯಾಪಿನತ್ತ ಎಳೆದಾಗ ತಡೆದರೆ ಅಂಚು ಹೊರಚಾಚಿದೆ. ಕ್ಯಾಪಿನಿಂದ ಹಲ್ಲಿನತ್ತ ಬರುವಾಗ ತಡೆದರೆ ಅಂಚು ಗಿಡ್ಡವಾಗಿದೆ. ಎರಡೂ ಕಡೆಗೆ ತಡೆದರೆ ಸಂದು ಬಾಯಿ ತೆರೆದಿದೆ. ಎತ್ತಲೂ ತಡೆಯದೆ ಮೊನೆ ಸುಮ್ಮನೆ ಜಾರಿತೆಂದರೆ, ಆ ಟೆಕ್ನಿಷಿಯನ್ನನ ಕೈಗೆ ನಮಸ್ಕಾರ.

ಅಂಚು ಎಷ್ಟು ಒಳಗಿದೆ ಎಂಬುದೂ ಅಷ್ಟೇ ಮುಖ್ಯ. ಎಲುಬಿನ ಮೇಲೆ ವಸಡು ಹಲ್ಲಿಗೆ ಅಂಟಿಕೊಳ್ಳುವ ಪಟ್ಟಿ ಸರಾಸರಿ ಎರಡು ಮಿಲಿಮೀಟರ್ ಎಂದು 1961ರಲ್ಲೇ ಗಾರ್ಜುಲೊ ಮತ್ತು ಸಂಗಡಿಗರು ಅಳೆದು ತೋರಿಸಿದರು. ಕ್ಯಾಪಿನ ಗೆರೆ ಕಾಣಬಾರದೆಂದು ಆ ಪಟ್ಟಿಯೊಳಗೇ ಅಂಚನ್ನು ಇಳಿಸಿದರೆ, ಬಂಗಾರ ಹಾಕಿದರೂ ವಸಡು ಕೆಂಪಾಗಿಯೇ ಇರುತ್ತದೆ. ದವಡೆ ಹಲ್ಲಿಗೆ ಆ ಚಂದದ ಹಟ ಬೇಡವೇ ಬೇಡ. ಅಂಚು ವಸಡಿನ ಮೇಲಿರಲಿ, ಬ್ರಶ್ಶಿಗೆ ಎಟುಕಲಿ.

ಹಾಗೆಂದು ವಸ್ತು ಲೆಕ್ಕಕ್ಕಿಲ್ಲ ಎನ್ನಲಾರೆ. ನಮ್ಮ ಊರುಗಳ ಅಗ್ಗದ ಲೋಹದ ಕ್ಯಾಪುಗಳು ಹೆಚ್ಚಾಗಿ ನಿಕ್ಕಲ್-ಕ್ರೋಮಿಯಂ ಮಿಶ್ರಣದವು. ಪಿಂಗಾಣಿ ಹೊದಿಸಿದ ಕ್ಯಾಪಿನ ಒಳಗೂ ಹಲವು ಸಲ ಅದೇ. ಅಗ್ಗದ ಓಲೆ ಹಾಕಿದರೆ ಕಿವಿ ತುರಿಸಿ ನೀರಾಡುವ ಹೆಣ್ಣುಮಕ್ಕಳು ಅದನ್ನು ಡಾಕ್ಟರಿಗೆ ಮೊದಲೇ ಹೇಳಲೇಬೇಕು, ಅದು ನಿಕ್ಕಲಿನ ಅಲರ್ಜಿ ಇರಬಹುದು. ಜಿರ್ಕೋನಿಯಾ ಚೆನ್ನಾಗಿ ಪಾಲಿಶ್ ಆಗಿದ್ದರೆ ವಸಡಿಗೆ ಒಳ್ಳೆಯ ನೆರೆಯವ, ಪಾಚಿ ಹಿಡಿಯುವುದು ಕಡಿಮೆ. ಆದರೆ ಕಚ್ಚಿನಲ್ಲಿ ಎತ್ತರವಾಯಿತೆಂದು ಡ್ರಿಲ್ಲಿನಿಂದ ಉಜ್ಜಿ ಪಾಲಿಶ್ ಮಾಡದೆ ಬಿಟ್ಟರೆ ಅದೇ ಮೈ ಒರಟಾಗುತ್ತದೆ. ಒರಟುತನ 0.2 ಮೈಕ್ರಾನ್ ದಾಟಿದರೆ ಪಾಚಿ ಹೆಚ್ಚಾಗಿ ನೆಲೆಯೂರುತ್ತದೆ, ಎದುರಿನ ಹಲ್ಲೂ ಸವೆಯುತ್ತದೆ. ವ್ಯಾರಂಟಿ ಕಾರ್ಡು ಕ್ಯಾಪ್ ಒಡೆದರೆ ಉತ್ತರ ಕೊಡುತ್ತದೆ, ವಸಡು ಬಾತರೆ ಕೊಡುವುದಿಲ್ಲ.

ನನಗೆ ಎಲ್ಲಕ್ಕಿಂತ ಸಂಕಟ ಕೊಡುವುದು ತಾತ್ಕಾಲಿಕ ಕ್ಯಾಪ್. ಅದು ಅಕ್ರಿಲಿಕ್, ಮೈತುಂಬ ಸೂಕ್ಷ್ಮ ರಂಧ್ರ, ಕೆಲವು ವಾರಗಳಿಗಷ್ಟೇ ಮಾಡಿದ್ದು. 'ತೊಗರಿ ರಾಶಿ ಮುಗೀಲಿ, ಬರ್ತೀನ್ರಿ' ಎಂದು ಚಿಂಚೋಳಿಯ ಕಡೆಗೆ ಹೋದವರು ಯುಗಾದಿಗೆ ಬರುತ್ತಾರೆ. ಅಷ್ಟರಲ್ಲಿ ವಸಡು ಊದಿ ಅಂಚಿನ ಮೇಲೆ ಹತ್ತಿ ಕೂತಿರುತ್ತದೆ, ಮುಟ್ಟಿದರೆ ರಕ್ತ. ಅಂಥ ವಸಡಿನಲ್ಲಿ ಶಾಶ್ವತ ಕ್ಯಾಪಿನ ಅಳತೆ ಸರಿಯಾಗಿ ಬರುವುದೇ ಇಲ್ಲ. ಮೊದಲು ವಸಡು ವಾಸಿಯಾಗಬೇಕು, ಅಳತೆ ಆಮೇಲೆ.

ಸಿಮೆಂಟಿನ ವಿಷಯವಂತೂ ನಮ್ಮವರಿಗೆ ಹೊಸದಲ್ಲ. ಬೇರಿನ ರಂಧ್ರ ಮುಚ್ಚಲು 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಿಂದ ಬಂದ ಎಂಟಿಎ ಎಂಬ ಪುಡಿಯ ಮುಖ್ಯ ಅಂಶ ಪೋರ್ಟ್‌ಲ್ಯಾಂಡ್ ಸಿಮೆಂಟೇ, ವಾಡಿಯ ಸುಣ್ಣದ ಕಲ್ಲಿನಿಂದ ಆಗುವ ಸಿಮೆಂಟಿನ ಕುಲದ್ದೇ. ಕ್ಯಾಪ್ ಅಂಟಿಸಲು ಬಳಸುವುದು ಬೇರೆ, ಹೆಚ್ಚಾಗಿ ಗ್ಲಾಸ್ ಅಯೊನೊಮರ್. ಅದು ವಸಡಿನೊಳಗೆ ಒಂದು ಚೂರು ಉಳಿದರೂ ಮುಳ್ಳಿನಂತೆ ಕಾಡುತ್ತದೆ. ಹೊಸ ಕ್ಯಾಪಿನ ಪಕ್ಕ ಒಂದೇ ಕಡೆ ಬಾವು ಕಂಡರೆ ನಾನು ಮೊದಲು ಹುಡುಕುವುದು ಅದನ್ನೇ.

ತಂಬಾಕು, ಸಕ್ಕರೆ ಕಾಯಿಲೆ ಇದ್ದವರ ವಸಡು ಬೇಗ ಸೋಲುತ್ತದೆ. ಅಂಥವರು ಕಲಬುರಗಿಗೆ ಹೋಗಿ ನಿಜಲಿಂಗಪ್ಪ ದಂತ ಕಾಲೇಜಿನಲ್ಲೋ ಅಲ್ ಬದರ್‌ನಲ್ಲೋ ವಸಡಿನ ವಿಭಾಗಕ್ಕೆ ಮೊದಲು ತೋರಿಸಿಕೊಂಡರೆ ಮೇಲು.

ಉಳಿದವರು ಇಷ್ಟಾದರೂ ಮಾಡಿ. ಅಂಟಿಸುವ ಮುನ್ನ ಕ್ಯಾಪನ್ನು ಕೂರಿಸಿ ನೋಡುವಾಗ ಪಕ್ಕದ ಸಂದಿಯಲ್ಲಿ ಫ್ಲಾಸ್ ದಾರ ಹಾಯಿಸಲು ಕೇಳಿ. ದಾರ ಬಿಗಿಯಾಗಿ ಇಳಿದು ಸರಾಗವಾಗಿ ಬರಬೇಕು. ಅಂಚಿನಲ್ಲಿ ಸಿಕ್ಕಿ ನೂಲು ಬಿಚ್ಚಿಕೊಂಡರೆ ಕ್ಯಾಪ್ ಲ್ಯಾಬಿಗೆ ವಾಪಸು ಹೋಗಲಿ. ಜಿರ್ಕೋನಿಯಾ ಒಮ್ಮೆ ಅಂಟಿತೆಂದರೆ ಕತ್ತರಿಸಿಯೇ ತೆಗೆಯಬೇಕು.